ರೊಟ್ಟಿ ಬಡಿದು ಕಲಿತ ರಿಸೀವ್

ಸಗರದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಮೋನಮ್ಮನಿಗೆ ಲೋಕದಲ್ಲಿ ಯಾರ ಮೇಲೂ ಇಂಗ್ಲಿಷಿನ ಮೇಲೆ ಇದ್ದಷ್ಟು ಸಿಟ್ಟಿರಲಿಲ್ಲ. ಅತ್ತೆಯ ಮೇಲೆ ಇದ್ದದ್ದು ಅತ್ತೆ ತೀರಿಕೊಂಡ ವರ್ಷವೇ ಕರಗಿಹೋಗಿತ್ತು. ಗಂಡ ಸಾಬಣ್ಣನ ಮೇಲೆ ಬರುತ್ತಿದ್ದದ್ದು ಊಟದ ಹೊತ್ತಿಗೆ ಇಳಿಯುತ್ತಿತ್ತು. ಇಂಗ್ಲಿಷಿನದು ಹಾಗಲ್ಲ. ಮಕ್ಕಳು ದೊಡ್ಡವರಾದ ಮೇಲೆ ಮನೆಯಲ್ಲೇ ಓದಿ, ಹೊರಗಿನಿಂದ ಪರೀಕ್ಷೆ ಕಟ್ಟಿ, ಎಸ್ಸೆಸ್ಸೆಲ್ಸಿಯ ಉಳಿದೆಲ್ಲ ವಿಷಯಗಳನ್ನು ಗೆದ್ದುಕೊಂಡ ಹೆಂಗಸು ಅವಳು. ಗಂಡಸರೂ ಹೆದರುವ ಗಣಿತವನ್ನು ಕೂಡ ಮುಗಿಸಿದ್ದಳು. ಇಂಗ್ಲಿಷಿನಲ್ಲಿ ಮಾತ್ರ ಕಟ್ಟಿದಾಗಲೆಲ್ಲ ಡುಮ್ಕಿ.

ಅದು ಬರಿಯ ಹಟದ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಅಂಗನವಾಡಿಯ ಟೀಚರ್ ದೇವಕಮ್ಮನವರು ಶ್ರಾವಣದ ಹೊತ್ತಿಗೆ ನಿವೃತ್ತರಾಗುವವರಿದ್ದರು. ಸಹಾಯಕಿಯಾದವಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಜಾಗಕ್ಕೆ ಅವಳದೇ ಮೊದಲ ಹಕ್ಕು. ಇಲ್ಲವಾದರೆ ಊರಿನ ಬೇರೆ ಯಾವಳೋ ಪಾಸಾದವಳು ಅರ್ಜಿ ಹಾಕಿ ಟೀಚರಾಗಿ ಬರುತ್ತಾಳೆ, ಸಹಾಯಕಿ ಮಾತ್ರ ಪಾತ್ರೆ ತಿಕ್ಕುತ್ತಲೇ ಮುದುಕಿಯಾಗುತ್ತಾಳೆ. ಮೋನಮ್ಮನಿಗೆ ಟೀಚರಾಗಬೇಕಿತ್ತು. ಊರಿನವರು ತನ್ನನ್ನು ‘ಆಯಾ’ ಅನ್ನುವುದು ನಿಂತು, ಕಲಿಸುವ ಹೆಂಗಸರಿಗೆ ಅನ್ನುವ ಹಾಗೆ ‘ಅಕ್ಕೋರ’ ಅನ್ನಬೇಕಿತ್ತು. ಆಸೆ ಅಂದರೆ ಆಸೆ, ಅದನ್ನು ಮುಚ್ಚಿಟ್ಟುಕೊಂಡವಳಲ್ಲ ಅವಳು.

ಆಸೆಪಡುವ ಹಕ್ಕೂ ಅವಳಿಗಿತ್ತು. ದೇವಕಮ್ಮನವರಿಗೆ ಮೊಣಕಾಲು ನೋವು ಶುರುವಾದ ಮೇಲೆ ಅಂಗನವಾಡಿ ನಡೆಯುತ್ತಿದ್ದುದು ಮೋನಮ್ಮನಿಂದಲೇ. ಕೆನಾಲಿಗೆ ನೀರು ಬರುವ ಮೊದಲಿನ ಮಾತು ಬೇರೆ. ಆಗ ಹೊಲದ ತುಂಬ ಜೋಳ, ತೊಗರಿ. ತಾಯಂದಿರು ಬಿಸಿಲೇರಿದ ಮೇಲೆ ಮಕ್ಕಳನ್ನು ತಂದು ಬಿಡುತ್ತಿದ್ದರು, ಉಪ್ಪಿಟ್ಟು ತಿಂದದ್ದಾದ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ನೀರು ಬಂತು, ಹೊಲಗಳೆಲ್ಲ ಗದ್ದೆಯಾದವು, ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಹಾಕಿಕೊಂಡು ನೆಲ ಹಿಡಿದು ಭತ್ತ ಬೆಳೆದರು. ನಾಟಿಯ ಕಾಲ ಬಂತೆಂದರೆ ಊರಿನ ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಟ್ರ್ಯಾಕ್ಟರ್ ಹತ್ತುತ್ತಿದ್ದರು. ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ಅವರು ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತಿರುತ್ತಿದ್ದರು. ಹಾಗಾದರೆ ಮಕ್ಕಳನ್ನು ಯಾರ ಹತ್ತಿರ ಬಿಡಬೇಕು? ಮೋನಮ್ಮನ ಮನೆಯ ಪಡಸಾಲೆಯಲ್ಲಿ. ನಿದ್ದೆಗಣ್ಣಿನ ಮಕ್ಕಳನ್ನು ಸಾಲಾಗಿ ಮಲಗಿಸಿ, ಎದ್ದವರ ಮುಖ ತೊಳೆಸಿ, ಅತ್ತವರನ್ನು ಸೊಂಟಕ್ಕೇರಿಸಿಕೊಂಡು ಅವಳು ರೊಟ್ಟಿ ಬಡಿಯುತ್ತಿದ್ದಳು. ಇದಕ್ಕೆ ಯಾರೂ ಸಂಬಳ ಕೊಡುತ್ತಿರಲಿಲ್ಲ, ಅವಳು ಕೇಳಲೂ ಇಲ್ಲ. ಇಷ್ಟೆಲ್ಲ ಮಾಡುವವಳಿಗೆ ಒಂದು ಭಾಷೆಯ ಅಕ್ಷರಗಳು ಅಡ್ಡ ಬರಬೇಕೆ?

ಮೋನಮ್ಮನ ಹಟ ನೋಡಲಾರದೆ ಅವಳಿಗೆ ಇಂಗ್ಲಿಷ್ ಹೇಳಿಕೊಡಲು ಒಪ್ಪಿದವರು ಹಿಂದಿನ ಓಣಿಯ ಕುಬ್ರಾಬೇಗಂ. ಉರ್ದು ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಬಹಳ ಜೋರು. ಮೋನಮ್ಮ ಮೊದಲ ದಿನ ಹೊಸ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಹೋದಾಗ ಅದನ್ನು ಕಸಿದು ಪಕ್ಕಕ್ಕಿಟ್ಟರು.

“ಬರಿಯೋದು ಆಮ್ಯಾಲ. ಮೊದಲ ಹಿಜ್ಜೆ ಮಾಡು,” ಅಂದರು.

ಒಂದೊಂದೇ ಅಕ್ಷರವನ್ನು ಬಾಯಿಬಿಟ್ಟು ಕೂಗಿ ಹೇಳಿ ಶಬ್ದ ಕೂಡಿಸುವುದಕ್ಕೆ ಅವರ ಶಾಲೆಯಲ್ಲಿ ಹಿಜ್ಜೆ ಅನ್ನುತ್ತಿದ್ದರು. ಅವರು ಕಲಿತದ್ದೂ ಹಾಗೆಯೇ, ಕಲಿಸಿದ್ದೂ ಹಾಗೆಯೇ.

“ಬಾಯಿಗಿ ಬಂದದ್ದು ಕೈಗಿ ತಾನಾ ಬರ್ತದ ಮೋನಮ್ಮಾ. ಕೈಗಿ ಬಂದದ್ದು ಬಾಯಿಗಿ ಬರಂಗಿಲ್ಲ. ಹಿಜ್ಜೆ ಮಾಡು.”

ಮೋನಮ್ಮ ಹಿಜ್ಜೆ ಮಾಡಿದಳು. ಎಷ್ಟೋ ಶಬ್ದಗಳು ಸಲೀಸಾಗಿ ಬಂದವು. ಆದರೆ ‘ರಿಸೀವ್’ ಅನ್ನುವುದೊಂದಿತ್ತಲ್ಲ, ಅದು ಅವಳ ತಲೆ ತಿಂದುಬಿಟ್ಟಿತು. ಹಿಂದಿನ ಪರೀಕ್ಷೆಗಳಲ್ಲಿ ಪತ್ರ ಬರೆಯುವ ಪ್ರಶ್ನೆಯಲ್ಲಿ ಮೊದಲ ಸಾಲಿಗೇ ಅವಳನ್ನು ಕೆಡವಿದ ಶಬ್ದವೇ ಅದು. ‘ನಿಮ್ಮ ಪತ್ರ ತಲುಪಿತು’ ಎಂದು ಶುರು ಮಾಡಬೇಕು, ಆ ತಲುಪುವುದೇ ಆಗುತ್ತಿರಲಿಲ್ಲ.

“ಆರ್, ಇ, ಸಿ, ಇ, ಐ, ವಿ, ಇ,” ಅಂದರು ಕುಬ್ರಾಬೇಗಂ.

“ಅಕ್ಕೋರ, ಅನ್ನಾಗ ರಿ, ಸೀ, ವ್ ಅಂತ ಮೂರ ಅದಾವ. ಬರಿಯಾಗ ಇಷ್ಟು ಮಂದಿ ಯಾಕ ಬಂದು ಕೂಡ್ಯಾರ?”

“ಅರೇ, ಅದು ಇಂಗ್ಲಿಷಿನವರಿಗಿ ಕೇಳು. ನಾ ಮಾಡಿದ್ದಲ್ಲ.”

ಅವಳ ತಕರಾರು ಖರೇ ಇತ್ತು. ಕನ್ನಡದಲ್ಲಿ ಅಂದದ್ದನ್ನೇ ಬರೆಯುವುದು, ಬರೆದದ್ದನ್ನೇ ಅನ್ನುವುದು. ಇಲ್ಲಿ ‘ಇ’ ಎಂಬ ಹೆಸರಿನ ಅಕ್ಷರ ‘ಎ’ ಎಂದು ಸದ್ದು ಮಾಡುತ್ತದೆ, ‘ಐ’ ಎಂಬ ಹೆಸರಿನದು ‘ಇ’ ಎಂದು ಸದ್ದು ಮಾಡುತ್ತದೆ. ಎರಡೂ ಜೊತೆಯಾಗಿ ನಿಂತಾಗ ಯಾರು ಮುಂದೆ ಯಾರು ಹಿಂದೆ ಎಂದು ಯಾವ ಕಿವಿ ಹೇಳಬೇಕು? ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಕೊರಿಯರ್ ಅಂಗಡಿಯ ಗೋಡೆಯ ಮೇಲೆ ಐ ಮುಂದೆ ಮಾಡಿ ಬರೆದಿತ್ತು. ಗೊಬ್ಬರದ ಅಂಗಡಿಯ ರಸೀದಿಯ ಮೇಲೂ ಹಾಗೆಯೇ. ಮೋನಮ್ಮ ಅದನ್ನೆಲ್ಲ ಸಾಕ್ಷಿಯಾಗಿ ಒಪ್ಪಿಸಿದಾಗ ಕುಬ್ರಾಬೇಗಂ ತಲೆ ತಲೆ ಬಡಿದುಕೊಂಡರು.

“ಯಾ ಅಲ್ಲಾ, ಅರ್ಧ ಜಿಲ್ಲಾ ತಪ್ಪ ಬರಿತದ, ಅವರ ಸಾಕ್ಷಿ ತರ್ತೀ! ಬಿಲೀವ್ ಅನ್ನಾಗ ಐ ಮುಂದ. ರಿಸೀವ್ ಅನ್ನಾಗ ಸಿ ಬಂತು ನೋಡು, ಸಿ ಬಂದ್ರ ಅದರ ಬೆನ್ನಿಗಿ ಇ. ಡಿಸೀವ್‌ಗೂ ಹಂಗೇ. ಮತ್ತ ಹಿಜ್ಜೆ ಮಾಡು.”

ಅರ್ಥದ ಗೋಳು ಇನ್ನೊಂದು. ಪತ್ರವೋ ಸಾಮಾನೋ ಬಂದು ಕೈಗೆ ಸೇರಿದರೆ ರಿಸೀವ್. ಬೀಗರು ಬಂದಾಗ ಬಾಗಿಲಿಗೆ ಹೋಗಿ ಕರೆದುಕೊಂಡರೂ ರಿಸೀವ್. ಬಸ್ಸು ಪಲ್ಟಿಯಾಗಿ ಜನರಿಗೆ ಗಾಯವಾದರೂ ಇಂಗ್ಲಿಷ್ ಪೇಪರಿನವರು ಗಾಯ ರಿಸೀವ್ ಮಾಡಿದರು ಎಂದೇ ಬರೆಯುತ್ತಾರೆ.

“ಗಾಯ ಯಾರಾರ ಸ್ವೀಕರಿಸ್ತಾರೇನ್ರಿ?” ಎಂದು ಮೋನಮ್ಮ ಜಗಳಕ್ಕೇ ನಿಂತಳು. “ಬೀಗರಿಗಿ ಅಂದದ್ದೇ ಗಾಯಕ್ಕೂ ಅಂದ್ರ ಬೀಗರು ಸುಮ್ನ ಬಿಡ್ತಾರೇನು?”

“ನೀ ಪಾಸಾಗು, ಆಮ್ಯಾಲ ಇಂಗ್ಲಿಷ್ ತಿದ್ದು,” ಅಂದರು ಕುಬ್ರಾಬೇಗಂ.

ಬೈಸಿಕೊಂಡು ಮನೆಗೆ ಬಂದವಳಿಗೆ ಉಪಾಯ ಹೊಳೆದದ್ದು ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುವಾಗ. ಜೋಳದ ಹಿಟ್ಟಿನ ಮುದ್ದೆಯನ್ನು ಅಂಗೈಯಲ್ಲಿ ಬಡಿಯುತ್ತ ತಿರುಗಿಸುವಾಗ ತಾನಾಗಿಯೇ ಒಂದು ಲಯ ಬರುತ್ತದೆ. ಆ ಬಡಿತಕ್ಕೆ ಅವಳು ಅಕ್ಷರ ಕಟ್ಟಿದಳು. ಆರ್ ಎಂದು ಒಂದು ಬಡಿತ, ಇ ಎಂದು ಒಂದು, ಸಿ ಎಂದು ಒಂದು. ರಿಸೀವ್ ಮುಗಿಯುವಷ್ಟರಲ್ಲಿ ರೊಟ್ಟಿ ಅರ್ಧ ಅಗಲವಾಗಿರುತ್ತಿತ್ತು, ‘ರಿಸೀವ್ ಅಂದ್ರ ಸ್ವೀಕರಿಸು, ಪಡಿ, ಬರಮಾಡಿಕೊ’ ಎನ್ನುವಷ್ಟರಲ್ಲಿ ಹಂಚಿನ ಮೇಲೆ ಬೀಳುತ್ತಿತ್ತು. ಹೀಗೆ ಶಬ್ದಗಳಾದವು, ಆಮೇಲೆ ಸಾಲುಗಳು, ಆಮೇಲೆ ತಂದೆಗೆ ಪತ್ರ, ಹೆಡ್‌ಮಾಸ್ತರರಿಗೆ ರಜೆ ಅರ್ಜಿ, ನೀರಿನ ಮಹತ್ವದ ಪ್ರಬಂಧ, ಪದ್ಯದ ಸಾರಾಂಶ. ಎಲ್ಲವೂ ಅಕ್ಷರ ಅಕ್ಷರವಾಗಿ ಅಂಗೈ ಸೇರಿದವು. ಕೆನಾಲಿನ ಗೇಟು ತೆಗೆದು ಮುಚ್ಚುವ ದಿನಗೂಲಿ ಮಾಡುತ್ತಿದ್ದ ಸಾಬಣ್ಣ ಬುತ್ತಿ ಬಿಚ್ಚಿ ನೋಡಿ ಸಂಜೆಗೆ ತಕರಾರು ತರುತ್ತಿದ್ದ.

“ಇವತ್ತ್ಯಾಕ ರೊಟ್ಟಿ ಇಷ್ಟು ದಪ್ಪ?”

“ಸಣ್ಣ ಸಣ್ಣ ಶಬ್ದ ಇದ್ದುವು. ನಾಳಿ ಪ್ರಬಂಧ ಅದ, ತೆಳ್ಳಗ ಬರ್ತಾವ.”

ಕುಬ್ರಾಬೇಗಂ ಎಲ್ಲಿಂದ ಕೇಳಿದರೂ ಅವಳು ಕೈ ತಟ್ಟುತ್ತ ಒಪ್ಪಿಸುತ್ತಿದ್ದಳು. ಒಂದು ಅಕ್ಷರ ಹಿಂದೆ ಮುಂದೆ ಆಗುತ್ತಿರಲಿಲ್ಲ. ಬಾಯಿ ಮುಚ್ಚಿ ಕೂತು ಬರೆದು ನೋಡುವ ಯೋಚನೆ ಅವಳಿಗೂ ಬರಲಿಲ್ಲ, ಕಲಿಸಿದವರಿಗೂ ಬರಲಿಲ್ಲ. ಬರೆದರೂ ಪಕ್ಕದಲ್ಲಿ ಬಾಯಿ ನಡೆದೇ ಇರುತ್ತಿತ್ತು, ಕೈ ಅದರ ಹಿಂದೆ ಹೋಗುತ್ತಿತ್ತು. ಬಾಯಿಗೆ ಬಂದದ್ದು ಕೈಗೆ ತಾನೇ ಬರುತ್ತದೆ ಎಂದು ಅವರು ಹೇಳಿದ್ದು ಸುಳ್ಳಾಗಿರಲಿಲ್ಲ.

ಪರೀಕ್ಷೆ ಕಟ್ಟುವಾಗ ಮೋನಮ್ಮ ಇನ್ನೊಂದು ಕೆಲಸ ಮಾಡಿದಳು. ಎದುರು ಮನೆಯ ಸೊಸೆ ಗೊಲ್ಲಾಳಮ್ಮನನ್ನೂ ಎಳೆದು ತಂದಳು. ಗೊಲ್ಲಾಳಮ್ಮ ಬೋನಾಳದ ಹುಡುಗಿ. ಮದುವೆಗೆ ಮೊದಲು ಅವಳಿಗೂ ಇಂಗ್ಲಿಷೊಂದೇ ಉಳಿದಿತ್ತು. ಅವಳ ಮಗಳು ನಡೆಯಲು ಕಲಿತದ್ದೇ ಮೋನಮ್ಮನ ಪಡಸಾಲೆಯಲ್ಲಿ. “ಹರೇದ ಹುಡುಗರ ನಡುವ ನಾ ಒಬ್ಬಾಕಿ ಹ್ಯಾಂಗ ಕೂಡ್ಲೆ ಗೊಲ್ಲಾಳೀ, ನೀನೂ ಕಟ್ಟು, ಜೋಡಿ ಆಗ್ತದ,” ಎಂದು ಬೆನ್ನು ಹತ್ತಿ ಕಟ್ಟಿಸಿದಳು. ಗೊಲ್ಲಾಳಮ್ಮ ಕಟ್ಟಿದಳು, ಓದಲಿಲ್ಲ. ಕುಬ್ರಾಬೇಗಂ ಮನೆಗೆ ಮೋನಮ್ಮನ ಜೊತೆ ಬಂದು ಮೂಲೆಯಲ್ಲಿ ಕೂತು ಹಿಜ್ಜೆ ಕೇಳಿ ನಗುತ್ತಿದ್ದಳು. ಜೊತೆಗೇ ಕಟ್ಟಿದ್ದರಿಂದ ಇಬ್ಬರ ನಂಬರೂ ಒಂದರ ಹಿಂದೆ ಒಂದು ಬಂದವು. ಶಹಾಪುರದ ಪರೀಕ್ಷಾ ಕೇಂದ್ರದಲ್ಲಿ ಮೋನಮ್ಮ ಮುಂದಿನ ಬೆಂಚು, ಗೊಲ್ಲಾಳಮ್ಮ ಅದರ ಹಿಂದಿನದು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೋನಮ್ಮನಿಗೆ ಮೈ ಹಗುರಾಯಿತು. ತಂದೆಗೆ ಪತ್ರ ಬಂದಿತ್ತು. ನೀರಿನ ಪ್ರಬಂಧವೂ ಬಂದಿತ್ತು. ಪದ್ಯ, ಅರ್ಥಗಳು, ಬಿಟ್ಟ ಸ್ಥಳ, ಎಲ್ಲವೂ ಗುರುತಿನವೇ. ಗೆದ್ದೆ ಅಂದುಕೊಂಡು, ಎಡಗೈಯಿಂದ ಬೆಂಚು ಮೆಲ್ಲಗೆ ಬಡಿಯುತ್ತ, ತುಟಿಯಾಡಿಸುತ್ತ ಶುರು ಮಾಡಿದಳು. ತುಟಿಯಷ್ಟೇ ಆಡುತ್ತಿದೆ ಎಂದುಕೊಂಡಿದ್ದಳು. ಅವಳಿಗೆ ಗೊತ್ತಿಲ್ಲದೆಯೇ ದನಿ ಹೊರಗೆ ಬರುತ್ತಿತ್ತು.

“ಏ ಅಮ್ಮಾ, ಬಾಯಿ,” ಎಂದು ಕೊಠಡಿಯ ಮೇಲ್ವಿಚಾರಕ ಹಣಮಂತ್ರಾಯ ಗದರಿಸಿದ. ಸುರಪುರದ ಕಡೆಯಿಂದ ಬಂದಿದ್ದ ಎಳೆಯ ಮಾಸ್ತರ, ಕೆಟ್ಟವನಲ್ಲ. ಆ ವರ್ಷ ಕಾಪಿ ಬಹಳವಾಯಿತೆಂದು ಮೇಲಿನವರು ಬೆನ್ನು ಬಿದ್ದಿದ್ದರಿಂದ ಅವನಿಗೂ ಜೀವ ಕೈಯಲ್ಲಿತ್ತು.

ಮೋನಮ್ಮ ಬಾಯಿ ಮುಚ್ಚಿದಳು. ಕೈ ನಿಂತಿತು.

ಹಾಗಾಗುತ್ತದೆ ಎಂದು ಅವಳಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಅಕ್ಷರಗಳು ಎಲ್ಲಿಗೆ ಹೋದವು? ಈಗಷ್ಟೇ ಇದ್ದವಲ್ಲ! ಆರ್ ಇ ಸಿ ಎಂದು ಬರೆದಳು, ಮುಂದಿನದು ಇಯೋ ಐಯೋ ತಿಳಿಯಲಿಲ್ಲ. ಒಂದನ್ನು ಬರೆದು ಹೊಡೆದು ಹಾಕಿದಳು, ಇನ್ನೊಂದನ್ನು ಬರೆದು ಹೊಡೆದು ಹಾಕಿದಳು. ಮನಸ್ಸಿನಲ್ಲೇ ಅಂದುಕೊಂಡರೆ ಆಗದೇನು ಎಂದು ಹಲ್ಲು ಕಚ್ಚಿ ಪ್ರಯತ್ನಿಸಿದಳು. ಮನಸ್ಸಿನಲ್ಲಿ ಸಿಟ್ಟು ಬಿಟ್ಟು ಏನೂ ಏಳಲಿಲ್ಲ. ರಿಸೀವ್ ಬಿಟ್ಟು ಮುಂದೆ ಹೋದರೆ ಬೇರೆ ಶಬ್ದಗಳೂ ಅದೇ ಆಟ ಹೂಡಿದವು. ಹಿಂದಿನ ಬೆಂಚಿನಿಂದ ಪೆನ್ನಿನ ಸದ್ದೂ ನಿಂತಿತ್ತು, ಅದನ್ನು ಅವಳು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಕೊನೆಗೆ ಎದ್ದು ನಿಂತು, “ಸರ್, ಹೊರಗ ಹೋಗಿ ಬರ್ತೀನ್ರಿ,” ಅಂದಳು. ನೀರು ಕುಡಿಸುವ ಮುದುಕಿಯನ್ನು ಜೊತೆ ಮಾಡಿ ಕಳಿಸಿದ. ಶೌಚದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೋನಮ್ಮ ಅಂಗೈ ಬಡಿಯುತ್ತ ಪತ್ರವನ್ನು ಮೊದಲಿನಿಂದ ಒಪ್ಪಿಸಿದಳು. ಬಂತು, ನೀಟಾಗಿ ಬಂತು. ಹೊರಗಿದ್ದ ಮುದುಕಿ, “ಯಾಕವ್ವ, ಹೊಟ್ಟಿ ನೋವೇನು?” ಎಂದು ಕೂಗಿದಳು. ಉತ್ತರ ಕೊಟ್ಟರೆ ಬಾಯಲ್ಲಿರುವುದು ಚೆಲ್ಲಿಹೋಗುತ್ತದೆಂದು ಮೋನಮ್ಮ ತುಟಿ ಬಿಗಿಹಿಡಿದು ಓಡಿ ಬಂದು ಕೂತಳು. ಒಂದು ಸಾಲಾಯಿತು, ಎರಡನೆಯದು ಅರ್ಧಕ್ಕೆ ನಿಂತಿತು. ಮತ್ತೆ ಎದ್ದಳು.

“ಪರೀಕ್ಷಾ ಬರಿಯಾಕ ಬಂದೀಯೋ ತಿರಗಾಡಾಕ ಬಂದೀಯೋ?” ಅಂದ ಹಣಮಂತ್ರಾಯ. “ಕೂಡು.”

ಹೊತ್ತು ಹೋಗುತ್ತಿತ್ತು. ಸುತ್ತಲಿನ ಹುಡುಗರು ಉತ್ತರ ಗೊತ್ತಿಲ್ಲದೆ ಕಿಟಕಿ ನೋಡುತ್ತಿದ್ದರು. ಉತ್ತರ ಗೊತ್ತಿರುವ ಅವಳೂ ಅವರಂತೆಯೇ ಖಾಲಿ ಹಾಳೆ ಮುಂದಿಟ್ಟುಕೊಂಡು ಕೂತಿದ್ದಳು. ಅಳು ಬರುವಷ್ಟು ಸಿಟ್ಟು ಬಂತು. ಆದದ್ದಾಗಲಿ ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹಿಜ್ಜೆ ಶುರು ಮಾಡಿದಳು. ಕೈ ಓಡಿತು. ಪತ್ರ ಮುಗಿಯಿತು, ಅರ್ಥಗಳು ಮುಗಿದವು, ಪ್ರಬಂಧ ಶುರುವಾಯಿತು. ಹಿಂದೆ ಪೆನ್ನು ಮತ್ತೆ ಸರಸರ ಅನ್ನುತ್ತಿತ್ತು. ಅವಳು ತಡವರಿಸಿದರೆ ಅದು ನಿಲ್ಲುತ್ತಿತ್ತು, ಅವಳು ಮುಂದುವರಿದರೆ ಅದೂ ಮುಂದುವರಿಯುತ್ತಿತ್ತು. ಆಗ ಅವಳಿಗೆ ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಬಾಯಿ ಮುಚ್ಚಿದರೆ ಗೊಲ್ಲಾಳಿಗಿಂತ ಮೊದಲು ತಾನೇ ಮುಳುಗಬೇಕು. ಬರೆದುಕೊಳ್ಳಲಿ ಬಿಡು, ಪಾಪದ ಹುಡುಗಿ, ಅಂದುಕೊಂಡಳು.

ಅಷ್ಟರಲ್ಲಿ ಸ್ಕ್ವಾಡಿನವರು ಬಂದರು. ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ಬಾಗಿಲಲ್ಲೇ ನಿಂತು ಕೇಳಿ, ನೇರವಾಗಿ ಮೋನಮ್ಮನ ಬೆಂಚಿಗೆ ಬಂದು ಸೆರಗು ತೆಗೆಯಲು ಹೇಳಿದರು.

“ಯಾರಿಗಿ ಹೇಳಾಕತ್ತಿದ್ದಿ?”

“ಯಾರಿಗೂ ಇಲ್ರಿ. ನನಗ ನಾನೇ ಹೇಳ್ಕೊಳ್ಳಾಕತ್ತಿದ್ದೆ.”

“ನಿನಗ ನೀನೇ ಯಾಕ ಹೇಳ್ಕೋಬೇಕು?”

“ಹೇಳ್ಕೊಂಡ್ರ ಕೈಗಿ ಬರ್ತದರಿ. ಇಲ್ಲಂದ್ರ ಬರವಲ್ದು.”

ಕೊಠಡಿಯಲ್ಲಿ ಯಾರೋ ನಕ್ಕರು. ಅಧಿಕಾರಿ ಅವಳ ಹಾಳೆ ತೆಗೆದು ನೋಡಿದರು. ಅರ್ಧ ಹೊಡೆದು ಹಾಕಿದ್ದು, ಅರ್ಧ ಬರೆದದ್ದು. ಮೊದಲ ಪುಟದಲ್ಲಿ ಅವಳು ಮೊದಲು ಅರ್ಧಕ್ಕೇ ಬಿಟ್ಟಿದ್ದ ಸಾಲಿನಲ್ಲಿ ಒಂದು ಶಬ್ದ ಆರ್ ಇ ಸಿ ಎಂಬಲ್ಲಿಗೆ ನಿಂತಿತ್ತು. ಉಳಿದದ್ದನ್ನು ಅಂಗೈಯಿಂದ ಮುಚ್ಚಿ ಅದರ ಮೇಲೆ ಬೆರಳಿಟ್ಟರು.

“ಇದನ್ನ ಪೂರ್ತಿ ಮಾಡು. ಬಾಯಿ ಬಿಡದ ಮಾಡು.”

ಮೋನಮ್ಮ ಪೆನ್ನು ಹಿಡಿದಳು. ಕೊಠಡಿಯಲ್ಲಿದ್ದವರೆಲ್ಲ ಅವಳನ್ನೇ ನೋಡುತ್ತಿದ್ದರು. ಎಷ್ಟು ದಿನ ಬೆಳಿಗ್ಗೆ ಬೆಳಿಗ್ಗೆ ಬಡಿದ ಶಬ್ದ ಅದು! ಅವಳ ಎಡಗೈ ತಾನಾಗಿಯೇ ತೊಡೆಯನ್ನು ತಟ್ಟಿತು.

“ಕೈ ಮ್ಯಾಲ ಇಡು. ಅದೇನು ಕೈಸನ್ನಿ?”

ಕೈ ಮೇಲಿಟ್ಟಳು. ಅಷ್ಟೇ, ಮುಗಿಯಿತು. ಪೆನ್ನಿನ ತುದಿ ಹಾಳೆಯ ಮೇಲೆ ಒಂದು ಚುಕ್ಕೆ ಮಾಡಿಕೊಂಡು ನಿಂತುಬಿಟ್ಟಿತು.

“ನೋಡ್ರಿ,” ಎಂದು ಅಧಿಕಾರಿ ಹಣಮಂತ್ರಾಯನ ಕಡೆ ತಿರುಗಿದರು. “ಬರಿಯಾಕ ಬರಂಗಿಲ್ಲ, ಹೇಳಾಕ ಬರ್ತದ. ಈಕಿ ಪರೀಕ್ಷಾ ಬರಿಯಾಕ ಬಂದಾಕಿ ಅಲ್ಲ, ಬರಸಾಕ ಬಂದಾಕಿ.” ಆಮೇಲೆ ಗೊಲ್ಲಾಳಮ್ಮನನ್ನು ಎಬ್ಬಿಸಿದರು. “ಈಕಿ ನಿನಗ ಹೇಳಾಕತ್ತಿದ್ದಳೇನು?”

ಒಂದು ಮಾತು ಸಾಕಿತ್ತು. ಆಕೆಯ ರೂಢಿಯೇ ಹಾಗೆ ಸರ್, ರೊಟ್ಟಿ ಬಡಿಯುವಾಗಲೂ ಹಾಗೆಯೇ ಅನ್ನುತ್ತಾಳೆ, ಇಡೀ ಓಣಿಗೆ ಗೊತ್ತು ಎಂದಿದ್ದರೆ ಸಾಕಿತ್ತು. ಗೊಲ್ಲಾಳಮ್ಮ ತಲೆ ಕೆಳಗೆ ಹಾಕಿದಳು.

“ನನಗ ಗೊತ್ತಿಲ್ರಿ. ನಾ ಓದ್ಕೊಂಡು ಬಂದೀನ್ರಿ.”

ಚೀಟಿಯಾದರೆ ಜೇಬು ಹುಡುಕಬಹುದು, ಕಿವಿಯನ್ನು ಹುಡುಕುವುದು ಹೇಗೆ? ಅವಳನ್ನು ಕೂರಿಸಿದರು. ಮೋನಮ್ಮನನ್ನು ಡಿಬಾರ್ ಮಾಡಿದರು. ಆ ಪರೀಕ್ಷೆಯಷ್ಟೇ ಅಲ್ಲ, ಮುಂದಿನದಕ್ಕೂ ಕೂರುವಂತಿಲ್ಲ ಎಂದರು. ಅವಳು ಅಳಲಿಲ್ಲ. “ನಾ ಎಲ್ಲಾ ಹೇಳ್ತೀನ್ರಿ, ಕೇಳ್ರಿ, ಪೂರಾ ಪೇಪರ್ ಹೇಳ್ತೀನ್ರಿ,” ಎಂದು ಬಾಗಿಲ ತನಕ ಕೂಗಿಕೊಂಡೇ ಹೋದಳು. ಹೇಳಿದಷ್ಟೂ ಅವಳ ಅಪರಾಧವೇ ಗಟ್ಟಿಯಾಯಿತು.

ಪರೀಕ್ಷೆ ಬಿಡುವ ತನಕ ಮೋನಮ್ಮ ಗೇಟಿನ ಹೊರಗೆ ಕಾದಿದ್ದಳು, ವಾಪಸು ಬರುವಾಗ ಒಂದೇ ಟಂಟಂ ಆಟೋದಲ್ಲಿ ಇಬ್ಬರೂ ಕೂತಿದ್ದರು. ಗೊಲ್ಲಾಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. “ನಾ ಅಂಜಿದೆ ಅಕ್ಕಾ,” ಅಂದಳು. ಹೆದರಿದವರ ಮೇಲೆ ಸಿಟ್ಟಾಗುವುದು ಮೋನಮ್ಮನಿಗೆ ಅಭ್ಯಾಸವಿರಲಿಲ್ಲ, ದಿನವಿಡೀ ಹೆದರಿದ ಮಕ್ಕಳನ್ನೇ ಸಂಭಾಳಿಸಿದವಳು. “ಅಳಬ್ಯಾಡ ಸುಮ್ಕಿರು,” ಎಂದು ಅವಳ ಬೆನ್ನು ಸವರಿದಳು. ಆ ಸವರಿದ ಕೈಯನ್ನು ಮುಂದೆ ಎಷ್ಟು ಸಲ ಶಪಿಸಿಕೊಂಡಳೋ.

ಕುಬ್ರಾಬೇಗಂ ಸುದ್ದಿ ಕೇಳಿ ಬೈಯಲಿಲ್ಲ. ಅವರು ಬೈಯದೆ ಇದ್ದದ್ದನ್ನು ಮೋನಮ್ಮ ನೋಡಿದ್ದು ಅದೇ ಮೊದಲು. “ಬಾಯಿ ಮುಚ್ಚಿ ಬರಿಯೋದು ಕಲಿಸಬೇಕಾಗಿತ್ತು ನಾ,” ಅಂದರು. ಆಮೇಲೆ ಚಹಾ ಮಾಡಲು ಒಳಗೆ ಹೋದರು.

ಫಲಿತಾಂಶ ಬಂತು. ಗೊಲ್ಲಾಳಮ್ಮ ಪಾಸು. ಊರಿನವರೆಲ್ಲ ಅವಳ ಮನೆಗೆ ಹೋಗಿ ಸಕ್ಕರೆ ತಿಂದು ಬಂದರು. ಮೋನಮ್ಮನೂ ಹೋಗಿ ತಿಂದು ಬಂದಳು. ಅಂಗನವಾಡಿಯ ಜಾಗಕ್ಕೆ ಅರ್ಜಿ ಕರೆದಾಗ ಗೊಲ್ಲಾಳಮ್ಮನ ಅತ್ತೆ ಸೊಸೆಯ ಅರ್ಜಿ ಕೊಟ್ಟು ತನ್ನ ಮಗನನ್ನು ಶಹಾಪುರಕ್ಕೆ ಅಟ್ಟಿದಳು. ಊರಿನಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿರುವ ಸೊಸೆ ಅಂದರೆ ಅವಳೊಬ್ಬಳೇ.

ಸಾಬಣ್ಣನಿಗೆ ತಡೆಯಲಾಗಲಿಲ್ಲ. “ನಡಿ, ಅಂಗನವಾಡಿ ಆಫೀಸಿಗಿ ಹೋಗಿ ಹೇಳೋಣ. ಆಕಿ ಬರದದ್ದೆಲ್ಲ ನಿಂದು ಅಂತ ಹೇಳೋಣ.” ಹೋದರು. ಅಲ್ಲಿದ್ದ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ತಣ್ಣಗೆ, “ಅಂದ್ರ ನೀವು ಹೇಳಿಕೊಟ್ಟದ್ದು ಖರೇ ಅಂತ ಒಪ್ಕೊಂಡಂಗ ಆಯ್ತಲ್ರಿ?” ಎಂದು ಕೇಳಿದರು. ಇಲ್ಲ ಎಂದರೆ ಗೊಲ್ಲಾಳಮ್ಮ ಸ್ವಂತ ಬರೆದಂತಾಗುತ್ತದೆ, ಹೌದು ಎಂದರೆ ಸ್ಕ್ವಾಡಿನವರು ಮಾಡಿದ್ದು ಸರಿ ಎಂದಾಗುತ್ತದೆ. ಬಾಯಿ ತುಂಬ ಮಾತಿಟ್ಟುಕೊಂಡು ಹೋದವರು ಹಾಗೆಯೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ಯಾರ ಮೇಲೆ ಎಂದು ಹೇಳಲು ಅವಳಿಗೇ ಬರುತ್ತಿರಲಿಲ್ಲ. ಇಂಗ್ಲಿಷ್ ಆಗಲೇ ಆ ಸಾಲಿನಲ್ಲಿ ಹಿಂದೆ ಬಿದ್ದಿತ್ತು.

ಗೊಲ್ಲಾಳಮ್ಮ ಟೀಚರಾಗಿ ಬಂದ ದಿನ ಕೆನಾಲಿಗೆ ನೀರು ಬಿಟ್ಟಾಗಿತ್ತು, ನಾಟಿ ಜೋರಾಗಿತ್ತು. ಮೋನಮ್ಮ ಎಂದಿನಂತೆ ತನ್ನ ಪಡಸಾಲೆಯಲ್ಲಿದ್ದ ಮಕ್ಕಳನ್ನು ಮುಂದೆ ಹಾಕಿಕೊಂಡು ಹೋಗಿ ಬಾಗಿಲು ತೆರೆದಳು, ಕಸ ಹೊಡೆದಳು, ಒಲೆ ಹೊತ್ತಿಸಿದಳು. ದೇವಕಮ್ಮನವರು ಕೂರುತ್ತಿದ್ದ ಮರದ ಖುರ್ಚಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಆನಿಸಿಟ್ಟಳು. ಹೊಸ ಸೀರೆಯಲ್ಲಿ ಗೊಲ್ಲಾಳಮ್ಮ ಬಂದು ಬಾಗಿಲಲ್ಲಿ ನಿಂತಳು. ಮಕ್ಕಳು ಅವಳನ್ನು ಕಂಡು ಮೋನಮ್ಮನ ಸೀರೆಯ ಹಿಂದೆ ಸರಿದರು. ಅವಳ ಸ್ವಂತ ಮಗಳೂ ಅಲ್ಲೇ ನಿಂತಳು.

“ಯಾಕ ಅಂಜ್ತೀರಿ? ನಮಸ್ಕಾರ ಮಾಡ್ರಿ,” ಅಂದಳು ಮೋನಮ್ಮ. ಮುಂದಿನ ಶಬ್ದವನ್ನು ತನಗಾಗಿ ಎಷ್ಟೋ ವರ್ಷ ಕಾದಿಟ್ಟುಕೊಂಡಿದ್ದಳು. “ಅಕ್ಕೋರು ಬಂದಾರ. ಅಕ್ಕೋರಿಗಿ ನಮಸ್ಕಾರ ಮಾಡ್ರಿ.”

ಗೊಲ್ಲಾಳಮ್ಮನ ಕಣ್ಣು ತುಂಬಿದವು. “ಅಕ್ಕಾ, ನನಗ ಹಂಗ ಅನಬ್ಯಾಡ. ಮೊದಲಿನಂಗ ಗೊಲ್ಲಾಳಿ ಅನ್ನು. ನಿನ್ನ ಕಾಲು ಬೀಳ್ತೀನಿ.”

“ನಿನಗೆಲ್ಲಿ ಅಂದೆ? ಖುರ್ಚಿಗಿ ಅಂದೆ.”

ಗೊಲ್ಲಾಳಮ್ಮ ಒಳಗೆ ಬಂದು, ಖುರ್ಚಿಯನ್ನು ಬಳಸಿಕೊಂಡು ಹೋಗಿ, ಮಕ್ಕಳ ಜೊತೆ ಚಾಪೆಯ ಮೇಲೆ ಕೂತಳು. ತಾನು ತಪ್ಪು ಮಾಡಿದವಳು, ನೆಲವೇ ತನಗೆ ಸರಿ ಎನ್ನುವಂತೆ ಕೂತಳು. ಅದನ್ನು ಕಂಡರೆ ಮೋನಮ್ಮನ ಮನಸ್ಸು ಕರಗುತ್ತದೆಂದು ಅವಳು ಎಣಿಸಿರಬೇಕು. ಒಲೆಯ ಮುಂದಿನಿಂದಲೇ ಮೋನಮ್ಮ ಅವಳನ್ನು ನೋಡಿದಳು, ಗೋಡೆಗೆ ಆನಿಸಿಟ್ಟ ಖಾಲಿ ಖುರ್ಚಿಯನ್ನು ನೋಡಿದಳು. ಪರೀಕ್ಷೆಯ ದಿನ ಬಾರದಿದ್ದ ಅಳು, ಫಲಿತಾಂಶದ ದಿನ ನುಂಗಿದ್ದ ಅಳು, ಅದೆಲ್ಲ ಒಮ್ಮೆಲೇ ನೆತ್ತಿಗೇರಿತು. ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಕುಕ್ಕಿ ಎದ್ದು ಬಂದಳು.

“ಏಳು! ಮ್ಯಾಲ ಕೂಡು!” ಮಕ್ಕಳೆಲ್ಲ ಬೆಚ್ಚಿದರು. “ನಾ ಇಲ್ಲಿ ಸಾಯೂತನಕ ಒಲಿ ಮುಂದ ಕೂಡಾಕಿ. ನೀ ಅದರ ಮ್ಯಾಲ ಕೂಡಲಿಲ್ಲಂದ್ರ, ಅದು ಖಾಲಿ ಇತ್ತಂದ್ರ, ನನ್ನ ಕಣ್ಣು ದಿನಾ ಅದರ ಮ್ಯಾಲೇ ಹೋಗ್ತದ. ಕೂಡು ಅಂದೆ!”

ಗೊಲ್ಲಾಳಮ್ಮ ಎದ್ದು ಖುರ್ಚಿಯ ಮೇಲೆ ಕೂತಳು. ಮೋನಮ್ಮ ಒಲೆಯ ಕಡೆ ಹೋಗಿ, ಖುರ್ಚಿಗೆ ಬೆನ್ನು ಮಾಡಿ ಕೂತು, ಹೊತ್ತಿಹೋಗುತ್ತಿದ್ದ ಉಪ್ಪಿಟ್ಟನ್ನು ಕೆದಕತೊಡಗಿದಳು.